ನಮ್ಮನೆ ಓದೋರು

ಜೂನ್ 3, ಸೋಮವಾರ

ಬೆಳಿಗ್ಗೆ ಬಚ್ಚಲಿಗೆ ಹೋದಾಗ ಹೊಸ ಸೋಪಿನ ಮೇಲೆ ಹಲ್ಲಿನ ಗುರುತು ಕಂಡಿತು. ಮೇಲೆ ಮೂರು, ಕೆಳಗೆ ನಾಲ್ಕು. ಮೇಲಿನ ಸಾಲಿನ ನಡುವೆ ಒಂದು ಹಲ್ಲಿನ ಜಾಗ ಖಾಲಿ. ನಿನ್ನೆ ಸಂಜೆ ನಮ್ಮ ಮನೆಗೆ ಬಂದ ಹುಡುಗಿಯ ಬಾಯಲ್ಲೂ ಅದೇ ಜಾಗ ಖಾಲಿ. ಹೆಚ್ಚು ತನಿಖೆ ಬೇಕಾಗಲಿಲ್ಲ. ನಿಂಬೆಹಣ್ಣಿನ ಸೋಪು, ವಾಸನೆಯನ್ನು ನಂಬಿ ಕಚ್ಚಿರಬೇಕು.

ಅಮ್ಮನಿಗೆ ತೋರಿಸಿದೆ. "ರುಚಿ ನೋಡಿದಾಳೆ ಪಾಪ. ಇನ್ನೊಂದ್ಸಲ ನೋಡಲ್ಲ ಬಿಡು," ಎಂದು ಸೋಪನ್ನು ತಿರುಗಿಸಿ ಇಟ್ಟಳು. ನಾನು ಚಿಕ್ಕವಳಿದ್ದಾಗ ಸೀಮೆಸುಣ್ಣ ತಿಂದಿದ್ದಕ್ಕೆ ಇದೇ ಅಮ್ಮ ಬೆನ್ನಿಗೆ ಎರಡು ಕೊಟ್ಟಿದ್ದಳು.

ಇದು ಹೊಸ ಪುಸ್ತಕ, ಮೊದಲ ಪುಟದಲ್ಲಿ ಮನೆಯ ಜನಗಣತಿ ಬರೆದಿಡುತ್ತೇನೆ. ಅಮ್ಮ: ಐವತ್ತನಾಲ್ಕು, ಟೇಲರ್, ಮುಂದಿನ ಕೋಣೆಯೇ ಅಂಗಡಿ. ಅಪ್ಪ: ಗೋಡೆಯ ಮೇಲಿನ ಫೋಟೊ. ನಾನು: ಇಪ್ಪತ್ತಮೂರು, ಸಾಹಿತ್ಯದಲ್ಲಿ ಪದವಿ, ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ, ಬಾಯಿದ್ದೂ ಇಲ್ಲದವಳು. ಹಗಲೆಲ್ಲ ಕಾಜಾ ಅತ್ತೆ: ಶರ್ಟುಗಳಿಗೆ ಕಾಜಾ ಹಾಕಿ ಗುಂಡಿ ಹೊಲಿಯುವವಳು, ಸಂಬಂಧದಲ್ಲಿ ಏನೂ ಅಲ್ಲ, ಮಾತಿನಲ್ಲಿ ಎಲ್ಲರಿಗೂ ಅತ್ತೆ. ನಿನ್ನೆಯಿಂದ ಈ ಹುಡುಗಿ: ಏಳು ವರ್ಷ, ಒಂದು ಚೀಲ.

ಹೆತ್ತವರಿಲ್ಲ. ಒಂದು ವರ್ಷ ಮಕ್ಕಳ ಮನೆಯಲ್ಲಿದ್ದಳಂತೆ. ಅವಳ ಕಡೆಯವರು ಯಾರಾದರೂ ಇದ್ದಾರಾ ಎಂದು ಮಕ್ಕಳ ಕಚೇರಿಯವರು ಹುಡುಕುತ್ತಿದ್ದಾರೆ. ಅಲ್ಲಿಯವರೆಗೆ ನಮ್ಮದು ಸಾಕುವ ಮನೆ. ಯಾರೂ ಸಿಗದಿದ್ದರೆ ದತ್ತು ಕೊಡುತ್ತಾರೆ. ಯಾರಿಗೆ ಎಂಬುದು ಆಮೇಲಿನ ಮಾತು.

ಕಚೇರಿಯ ಮೇಡಂ ಅವಳನ್ನು ಬಿಟ್ಟು ಹೋದ ಕೂಡಲೇ ಅಮ್ಮ ಟೇಪು ಹಿಡಿದು ಅಳತೆ ತೆಗೆದಳು. ಜನರನ್ನು ಮಾತಾಡಿಸಲು ಅಮ್ಮನಿಗೆ ಗೊತ್ತಿರುವ ದಾರಿ ಅದೊಂದೇ. ಹುಡುಗಿ ಎರಡೂ ಕೈ ಚಾಚಿ, ಉಸಿರು ಬಿಗಿಹಿಡಿದು ನಿಂತಳು. "ಉಸಿರಾಡಮ್ಮ, ಇಲ್ದಿದ್ರೆ ಫ್ರಾಕು ಬಿಗಿಯಾಗುತ್ತೆ," ಎಂದಳು ಅಮ್ಮ.

ಒಂದು ಮಗುವನ್ನು ತಂದಿಟ್ಟುಕೊಳ್ಳೋಣವಾ ಎಂದು ಅಮ್ಮ ಜನವರಿಯಲ್ಲೇ ಕೇಳಿದ್ದಳು. ಹೂಂ ಅಂದಿದ್ದೆ. ನಾನು ಎಲ್ಲದಕ್ಕೂ ಹೂಂ ಅನ್ನುತ್ತೇನೆ. ಅಂಗಡಿಯವನು ಕೊಳೆತ ಟೊಮೇಟೊ ತೂಗಿ ಹಾಕುವಾಗಲೂ.

ಈಗ ನನ್ನ ಕೋಣೆಯಲ್ಲಿ ಇನ್ನೊಂದು ಮಂಚ. ಪುಸ್ತಕದ ಕಪಾಟನ್ನು ಬಾಗಿಲ ಹಿಂದಕ್ಕೆ ಸರಿಸಿದ್ದಾರೆ. ಬಾಗಿಲು ಪೂರ್ತಿ ತೆರೆಯುವುದಿಲ್ಲ.

ಜೂನ್ 6, ಗುರುವಾರ

ಸಾಕುವ ಮನೆಯವರು ದಿನವೂ ಒಂದು ವರದಿ ಬರೆದಿಡಬೇಕಂತೆ: ಮಗು ಉಂಡಿತೇ, ಮಲಗಿತೇ, ಶಾಲೆಗೆ ಹೋಯಿತೇ, ಹೇಗಿತ್ತು. ಹುಡುಗಿ ಬಂದ ದಿನವೇ ಅಮ್ಮ ಎರಡು ನೋಟ್‌ಪುಸ್ತಕ ತಂದು, ಯೂನಿಫಾರಂ ಹೊಲಿದು ಉಳಿದ ನೀಲಿ ಚೌಕಳಿ ಬಟ್ಟೆಯ ಹೊದಿಕೆ ಹಾಕಿ, ಒಂದನ್ನು ವರದಿಗೆ ಅಂದಳು, ಒಂದನ್ನು ನನಗೆ. "ನೀನೇ ಬರಿಯೇ. ಸಾಹಿತ್ಯ ಓದಿದ್ದು ಮತ್ಯಾವುದಕ್ಕೆ?"

ಬರೆದೆ. ಮೊದಲ ಮೂರು ದಿನದ್ದನ್ನು ಫೋಟೊ ತೆಗೆದು ಕಳಿಸಿದೆವು. ಇವತ್ತು ಮೇಡಂ ಫೋನ್ ಮಾಡಿದರು.

"ಏನಮ್ಮಾ ಇದು, 'ಅವಳ ಮೌನ ಹೊಲಿಯದ ಬಟ್ಟೆಯಂತೆ ಮಡಚಿಕೊಂಡಿತ್ತು' ಅಂತ ಬರ್ದಿದೀರ. ಊಟ ಮಾಡಿದ್ಲೋ ಇಲ್ವೋ?"

"ಮಾಡಿದ್ಲು ಮೇಡಂ."

"ಅಷ್ಟು ಬರೀರಿ ಸಾಕು."

ಇಂದಿನ ವರದಿ: ಊಟ ಮಾಡಿದಳು. ಎರಡು ಸಲ ಅನ್ನ ಹಾಕಿಸಿಕೊಂಡಳು. ಮಲಗಿದಳು.

ಜೂನ್ 14, ಶುಕ್ರವಾರ

ಹುಡುಗಿ ಅಮ್ಮನನ್ನು "ಟೇಲರ್" ಎಂದು ಕರೆಯುತ್ತಾಳೆ. "ಟೇಲರ್, ನೀರು ಬೇಕು." "ಟೇಲರ್, ಕಾಜಾ ಅತ್ತೆ ನಿದ್ದೆ ಮಾಡ್ತಿದಾರೆ." ಅತ್ತೆ ಬೆಚ್ಚಿ ಎದ್ದು, "ಏ ಚೂಟಿ! ಕಣ್ಣಿಗೆ ದಣಿವಾಗುತ್ತೆ ಅಂತ ಮುಚ್ಚಿದ್ದೆ ಕಣೇ. ಚಾಡಿ ಹೇಳೋದು ಎಲ್ಲಿ ಕಲ್ತೆ?" ಅಂದಳು. "ಇಲ್ಲೇ," ಅಂದಳು ಹುಡುಗಿ. ಅಲ್ಲಿಂದ ಅವಳ ಹೆಸರು ಚೂಟಿ.

ನನಗೂ ಹೆಸರಿಟ್ಟಿದ್ದಾಳೆ: ಓದೋರು. ನನಗೆ ಕೇಳುವಂತೆಯೇ ಅಮ್ಮನನ್ನು ವಿಚಾರಿಸಿದಳು. "ಟೇಲರ್, ಓದೋರು ಯಾಕೆ ಮಾತಾಡಲ್ಲ? ಗಂಟಲು ನೋವಾ?"

"ಹುಟ್ಟಿದಾಗಿಂದ," ಅಂದಳು ಅಮ್ಮ. ಕಾಜಾ ಅತ್ತೆ ದಾರ ಕಚ್ಚುವುದನ್ನೂ ಮರೆತು ನಕ್ಕಳು.

ನನಗೇನೂ ನಗು ಬರಲಿಲ್ಲ.

ಜೂನ್ 23, ಭಾನುವಾರ

ಏಳನೇ ತರಗತಿಯ ವಿಜ್ಞಾನ ಗೈಡಿನ ಕರಡನ್ನು ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋಗಿದ್ದೆ. ಬಂದು ನೋಡಿದರೆ ಹದಿನಾಲ್ಕು ಪುಟಗಳ ತುಂಬ ಕೆಂಪು ಪೆನ್ಸಿಲ್. ಪದ ತೆಗೆದುಹಾಕಲು ನಾನು ಹಾಕುವ ಬಾಲದ ಗುರುತನ್ನು ನೋಡಿ ಕಲಿತಿದ್ದಾಳೆ. ಕಂಡ ಕಂಡ ಪದಕ್ಕೆಲ್ಲ ಬಾಲ ಕಟ್ಟಿದ್ದಾಳೆ. ನಾಳೆ ಬೆಳಿಗ್ಗೆ ಒಪ್ಪಿಸಬೇಕು.

ಅವಳಿಗೆ ಏನೂ ಅನ್ನಲಿಲ್ಲ. ಅಮ್ಮನಿಗೂ ಅನ್ನಲಿಲ್ಲ. ಇಲ್ಲಿ ಅನ್ನುತ್ತೇನೆ.

ಈ ಮಗು ನನಗೆ ಬೇಡ. ಇಪ್ಪತ್ತಮೂರು ವರ್ಷ ಅಮ್ಮ ನನ್ನೊಬ್ಬಳ ಅಮ್ಮ ಆಗಿದ್ದಳು. ನನ್ನ ಕೋಣೆ ಹೋಯಿತು, ಬಾಗಿಲು ಹೋಯಿತು, ಈಗ ಕೆಲಸವೂ ಹೋಗುತ್ತದೆ. ಇವಳ ಕಡೆಯವರು ಯಾರಾದರೂ ಬೇಗ ಸಿಕ್ಕಿ ಕರೆದುಕೊಂಡು ಹೋದರೆ ಸಾಕು.

ಜೂನ್ 25, ಮಂಗಳವಾರ

ಕೆಲಸ ಹೋಗಲಿಲ್ಲ. ನಿನ್ನೆ ಪ್ರೆಸ್ಸಿನ ಯಜಮಾನರು ಹದಿನಾಲ್ಕೂ ಪುಟ ತಿರುವಿ ಕನ್ನಡಕ ಹಣೆಗೇರಿಸಿದರು. ಚೂಟಿಯ ತಿದ್ದುಪಡಿ ಒಪ್ಪಿದರೆ ಮನುಷ್ಯನಿಗೆ ಹೃದಯವೂ ಇಲ್ಲ, ಮೂಳೆಯೂ ಇಲ್ಲ. ಬರೀ ಪಿತ್ತಕೋಶ ಒಂದು ಉಳಿಯುತ್ತದೆ.

"ಹೊಸ ಪ್ರತಿ ತೆಗೆಸ್ತೀನಿ, ಮತ್ತೆ ತಿದ್ದಿ," ಅಂದರು. ಆಮೇಲೆ, "ಪುಟ ಮೂವತ್ತೊಂದರಲ್ಲಿ 'ನಮಗೆ ಮೂರು ಶ್ವಾಸಕೋಶಗಳಿವೆ' ಅಂತಿತ್ತು. ನೀವು ಬಿಟ್ಟುಬಿಟ್ಟಿದ್ರಿ. 'ಮೂರು' ಅನ್ನೋದನ್ನ ಯಾರೋ ಹೊಡೆದು ಹಾಕಿದಾರಲ್ಲ, ಯಾರದು?"

"ಮನೇಲಿ ಹೊಸಬರು ಬಂದಿದಾರೆ ಸರ್."

"ಸಂಬಳ ಕೇಳಲ್ಲ ತಾನೆ?"

ಹೇಳಿದಾಗ ಅಮ್ಮ ನಕ್ಕು ನಕ್ಕು ಮಿಷಿನ್ನಿನ ಮೇಲೆ ತಲೆಯಿಟ್ಟಳು. ಚೂಟಿಗೆ ಒಂದು ರದ್ದಿ ಕರಡು, ಒಂದು ಕೆಂಪು ಪೆನ್ಸಿಲ್ ಕೊಟ್ಟಿದ್ದೇನೆ, ನನ್ನದನ್ನು ಮುಟ್ಟದಿರಲಿ ಎಂದು. ಅಷ್ಟಕ್ಕೇ.

ಜುಲೈ 12, ಶುಕ್ರವಾರ

ಅಮ್ಮನಿಗೆ ಯೂನಿಫಾರಂ ಕೆಲಸ ತಲೆ ಮೇಲೆ ಕೂತಿದೆ. ಶಾಲೆಯಲ್ಲಿ ಪೋಷಕರ ಸಭೆಗೆ ನಾನು ಹೋಗಬೇಕಾಯಿತು. ಚಿಕ್ಕ ಚಿಕ್ಕ ಬೆಂಚು, ದೊಡ್ಡ ದೊಡ್ಡ ಪೋಷಕರು, ಎಲ್ಲರ ಮೊಣಕಾಲೂ ಗಲ್ಲಕ್ಕೆ ತಾಗುತ್ತಿತ್ತು. ನನ್ನ ಸರದಿ ಬಂತು. ಟೀಚರ್ ಕೇಳಿದರು, "ನೀವು ಮಗುವಿಗೆ ಏನಾಗಬೇಕು?"

ಅಕ್ಕ ಅನ್ನಲೇ? ಸಾಕುವವರ ಮಗಳು ಅನ್ನಲೇ? ಒಂದೂ ಬಾಯಿಗೆ ಬರಲಿಲ್ಲ. ನನ್ನ ಬೆವರು ನೋಡಲಾರದೆ ಚೂಟಿಯೇ ಉತ್ತರಿಸಿದಳು.

"ಇವರು ನಮ್ಮನೆ ಓದೋರು."

ಹಿಂದಿನ ಬೆಂಚಿನ ತಂದೆಯೊಬ್ಬರು, "ನಮ್ಮನೇಲಿ ಅದೇ ಒಬ್ರು ಕಮ್ಮಿ ನೋಡಿ," ಅಂದರು. ಎಲ್ಲರೂ ನಕ್ಕರು. ನಾನೂ.

ಚೂಟಿ ಲೆಕ್ಕದಲ್ಲಿ ಚುರುಕು, ತರಗತಿಯಲ್ಲಿ ವಾಚಾಳಿ, ಕಿಟಕಿಯ ಪಕ್ಕ ಕೂತರೆ ದೇವರೇ ಗತಿ. ಇದನ್ನೆಲ್ಲ ವರದಿಯಲ್ಲಿ ಬರೆದೆ. "ನಮ್ಮನೆ" ಅಂದಳು ಎಂಬುದನ್ನು ಅಲ್ಲಿ ಬರೆಯಲಿಲ್ಲ. ಅದು ಊಟದ ವಿಷಯವೂ ಅಲ್ಲ, ನಿದ್ದೆಯದೂ ಅಲ್ಲ.

ಆಗಸ್ಟ್ 10, ಶನಿವಾರ

ಚೂಟಿಯ ಹೊಸ ಹಲ್ಲು ಅರ್ಧ ಬಂದಿದೆ. ದಿನಾ ನನ್ನ ಬೆರಳು ಹಿಡಿದು ಮುಟ್ಟಿಸುತ್ತಾಳೆ, ನಿನ್ನೆಗಿಂತ ಉದ್ದವಾಗಿದೆಯಾ ಹೇಳಿ ಎಂದು. ಇವತ್ತು ಸ್ವಲ್ಪ ಉದ್ದವಾಗಿದೆ.

ಯಜಮಾನರು ನಾಳೆ ಅರ್ಧ ದಿನ ಬನ್ನಿ, ಅರ್ಜೆಂಟ್ ಕೆಲಸವಿದೆ ಅಂದರು. ಆಗಲ್ಲ ಅಂದೆ. ನಾಳೆ ಅವಳಿಗೆ ಸೈಕಲ್ ಕಲಿಸಬೇಕು, ಬಾಡಿಗೆ ಸೈಕಲ್ಲಿಗೆ ಹೇಳಿಟ್ಟಾಗಿದೆ. ಯಜಮಾನರು ನನ್ನನ್ನೇ ನೋಡುತ್ತಾ ನಿಂತರು. ಯಾಕೋ.

ಆಗಸ್ಟ್ 11, ಭಾನುವಾರ

ಬಿದ್ದಳು, ಏಳು ಸಲ. ನಾನು ಎರಡು ಸಲ; ಪಕ್ಕದಲ್ಲಿ ಓಡುವವರು ಹೇಗೆ ಬೀಳುತ್ತಾರೋ ಗೊತ್ತಿಲ್ಲ, ಬಿದ್ದೆ. "ಬಿಡಬೇಡಿ ಓದೋರೇ, ಬಿಡಬೇಡಿ!" ಎಂದು ಬೀದಿಗೆಲ್ಲ ಕೇಳುವಂತೆ ಕಿರುಚಿದಳು. "ಬಿಡಲ್ಲ!" ಎಂದು ನಾನೂ ಕಿರುಚಿದೆ. ಎದುರುಮನೆಯವರು ಕಿಟಕಿಗೆ ಬಂದರು. ನನ್ನ ಧ್ವನಿ ಅವರು ಕೇಳಿದ್ದು ಇದೇ ಮೊದಲು ಅನ್ನಿಸುತ್ತದೆ. ಮೊಣಕಾಲು ಉರಿಯುತ್ತಿದೆ. ಏನು ದಿನ!

ಸೆಪ್ಟೆಂಬರ್ 4, ಬುಧವಾರ

ಇದನ್ನು ಕರಡು ಹಾಳೆಯ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ಯಾಕೆಂದರೆ ನನ್ನ ದಿನಚರಿ ಮೇಡಂ ಚೀಲದಲ್ಲಿದೆ.

ಮೂರು ತಿಂಗಳ ವರದಿ ಒಯ್ಯಲು ಮೇಡಂ ನಿನ್ನೆ ಬಂದಿದ್ದರು. ಯಾರಾದರೂ ಮನೆಗೆ ಬಂದರೆ ಅಡುಗೆಮನೆಯಲ್ಲಿ ಪಾತ್ರೆ ಜೋಡಿಸುವುದು ನನ್ನ ಹಳೆಯ ಚಾಳಿ. ಹೊರಗೆ ಬಂದು ನಾನೇ ಪುಸ್ತಕ ಕೊಟ್ಟಿದ್ದರೆ ಮುಗಿಯುತ್ತಿತ್ತು. ಅಮ್ಮ ನನ್ನ ಮೇಜಿನ ಮೇಲಿದ್ದ ನೀಲಿ ಚೌಕಳಿ ಪುಸ್ತಕ ತೆಗೆದುಕೊಟ್ಟಳು. ಇವತ್ತು ಬರೆಯಲು ಕೂತರೆ ಇನ್ನೊಂದು ನೀಲಿ ಚೌಕಳಿ ಸಿಕ್ಕಿತು: "ಊಟ ಮಾಡಿದಳು. ಮಲಗಿದಳು."

ಆ ಪುಸ್ತಕದಲ್ಲಿ 'ಈ ಮಗು ನನಗೆ ಬೇಡ' ಅಂತ ಬರೆದಿದ್ದೇನೆ. ಜೂನ್ ಇಪ್ಪತ್ತಮೂರು!

ಮೂರು ಸಲ ಫೋನ್ ಮಾಡಿ, ರಿಂಗ್ ಆದ ಕೂಡಲೇ ಕತ್ತರಿಸಿದೆ. ನಾಲ್ಕನೇ ಸಲ ಕಚೇರಿಯ ಗುಮಾಸ್ತರು ತಾವೇ ಫೋನ್ ಮಾಡಿ, "ಯಾರ್ರೀ ಅದು ಆಟ ಆಡ್ತಿರೋದು?" ಎಂದು ಗದರಿದರು. ಮೇಡಂ ಪ್ರವಾಸದಲ್ಲಿದ್ದಾರಂತೆ, ಮುಂದಿನ ಬುಧವಾರ ಬರುತ್ತಾರಂತೆ. ವರದಿಗಳನ್ನು ದಾರಿಯಲ್ಲಿ ಓದಲು ಜೊತೆಗೇ ಒಯ್ದಿದ್ದಾರಂತೆ.

ಸೆಪ್ಟೆಂಬರ್ 11, ಬುಧವಾರ

ಪುಸ್ತಕ ವಾಪಸ್ ಬಂತು.

ಕಚೇರಿಯಲ್ಲಿ ಮೇಡಂ ಮೇಜಿನ ತುಂಬ ಫೈಲು, ಫೈಲುಗಳ ಮೇಲೆ ನನ್ನ ನೀಲಿ ಚೌಕಳಿ. "ಕೂತ್ಕೊಳ್ಳಿ. ಇದು ನನಗಲ್ಲ ಅಂತ ಗೊತ್ತಾದ ತಕ್ಷಣ ಓದೋದು ನಿಲ್ಲಿಸಿದೆ. ಸೋಪಿನ ವಿಷಯ ಚೆನ್ನಾಗಿದೆ."

"ಎಲ್ಲಿ ನಿಲ್ಲಿಸಿದ್ರಿ ಮೇಡಂ?"

"ಜೂನ್ ಇಪ್ಪತ್ಮೂರಕ್ಕೆ."

ನಿಲ್ಲಿಸಲು ಅವರಿಗೆ ಬೇರೆ ಜಾಗವೇ ಸಿಗಲಿಲ್ಲವೇ?

ಆಮೇಲೆ ಅವರು ಹೇಳಿದ್ದನ್ನು ನೆನಪಿರುವಂತೆ ಬರೆದಿಡುತ್ತೇನೆ. ಚೂಟಿಯ ಕಡೆಯವರು ಯಾರೂ ಇಲ್ಲವೆಂದು ಖಚಿತವಾಗಿದೆ, ಇನ್ನು ದತ್ತು ಕೊಡಬಹುದು. ಅಮ್ಮ ಆಗಲೇ ಅರ್ಜಿ ಹಾಕಿದ್ದಾಳೆ. ಆದರೆ ಅಮ್ಮ ಒಂಟಿ, ವಯಸ್ಸು ಐವತ್ತು ದಾಟಿದೆ. ಅಂಥವರ ಅರ್ಜಿಯಲ್ಲಿ ಮನೆಯ ಇನ್ನೊಬ್ಬ ವಯಸ್ಕರು ಎರಡನೇ ಹೊಣೆಗಾರರಾಗಿ ಸಹಿ ಹಾಕಬೇಕು. ಅಮ್ಮನಿಗೆ ಕೈಲಾಗದ ದಿನ ಬಂದರೆ ಮಗು ಅವರದು. ಅಮ್ಮ ಆ ಜಾಗ ಖಾಲಿ ಬಿಟ್ಟಿದ್ದಾಳೆ.

"ನಿಮ್ಮ ಹೆಸರು ಬರೀರಿ ಅಂದೆ. ಮಗಳನ್ನ ಕೇಳಲ್ಲ, ಅವಳ ಬದುಕು ಅವಳದು ಅಂದ್ರು. ನಂಗೆ ಸರಿ ಅನ್ನಿಸ್ಲಿಲ್ಲ. ಆಮೇಲೆ ಇದು ಓದಿದೆ," ಎಂದು ಪುಸ್ತಕದ ಮೇಲೆ ಬೆರಳಿಟ್ಟರು. "ನಿಮ್ಮಮ್ಮನೇ ಸರಿ ಅನ್ನಿಸ್ತು."

ಅಕ್ಟೋಬರ್ ನಾಲ್ಕಕ್ಕೆ ಸಮಿತಿ ಕೂರುತ್ತದೆ. ಹಿಂದಿನ ದಿನ ಸಂಜೆಯವರೆಗೂ ಅರ್ಜಿ ತುಂಬಬಹುದು. ಖಾಲಿಯೇ ಉಳಿದರೆ ಫೈಲು ಪಟ್ಟಿಯಲ್ಲಿ ಮುಂದಿರುವ ದಂಪತಿಗೆ ಹೋಗುತ್ತದೆ. ಒಳ್ಳೆಯವರಂತೆ. ಮನೆಗೆ ತೋಟ ಇದೆಯಂತೆ.

ಪುಸ್ತಕ ಎತ್ತಿಕೊಂಡು ಎದ್ದೆ. ಬಾಗಿಲಲ್ಲಿ ತಿರುಗಿ, "ಜೂನ್ ಇಪ್ಪತ್ತೈದನ್ನೂ ಓದಬೇಕಿತ್ತು ಮೇಡಂ," ಅಂದೆ.

ಸೆಪ್ಟೆಂಬರ್ 12, ಗುರುವಾರ

"ಅಮ್ಮ, ಅರ್ಜೀಲಿ ಆ ಜಾಗ ಯಾಕೆ ಖಾಲಿ ಬಿಟ್ಟೆ?"

ಅಮ್ಮ ಪೆಡಲ್ ನಿಲ್ಲಿಸಲಿಲ್ಲ. "ಮೇಡಂ ಬಾಯಿಬಿಟ್ರಾ?"

"ನನ್ನ ಕೇಳ್ಬಹುದಿತ್ತಲ್ಲ."

"ಕೇಳಿದ್ರೆ ಏನಂತಿದ್ದೆ?"

"ಹೂಂ ಅಂತಿದ್ದೆ."

"ಅದಕ್ಕೇ ಕೇಳ್ಲಿಲ್ಲ. ಟೊಮೇಟೊದವನಿಗೂ ಅದೇ ಹೂಂ, ನಂಗೂ ಅದೇ ಹೂಂ. ಅದನ್ನ ಇಟ್ಕೊಂಡು ನಾನೇನೇ ಮಾಡ್ಲಿ?" ಈಗ ಮಿಷಿನ್ ನಿಂತಿತು. "ನಾಳೆ ನಿಂಗೊಂದು ದೂರದ ಕೆಲಸ ಬರುತ್ತೆ, ನಿಂದೇ ಒಂದು ಮನೆಯಾಗುತ್ತೆ. ಅವತ್ತು ಈ ಮಗೂನ ನೋಡಿ ನೀನು ಮುಖ ಸಿಂಡರಿಸಿದ್ರೆ? ಅದು ಮಕ್ಕಳ ಮನೇಲಿ ಒಂದು ವರ್ಷ ಕಳೆದು ಬಂದಿರೋ ಜೀವ ಕಣೇ. ಮುಖ ನೋಡೇ ಅರ್ಥ ಮಾಡ್ಕೊಳ್ಳುತ್ತೆ. ತೋಟ ಇರೋ ಮನೇಲಿ ಸುಖವಾಗಿರ್ಲಿ ಬಿಡು."

ಹೇಳಿ ಮತ್ತೆ ತುಳಿಯತೊಡಗಿದಳು. ಹೊಲಿಗೆ ಸೊಟ್ಟಗೆ ಹೋಯಿತು. ಅಮ್ಮನ ಹೊಲಿಗೆ ಸೊಟ್ಟಗೆ ಹೋಗಿದ್ದನ್ನು ನಾನು ನೋಡಿಯೇ ಇರಲಿಲ್ಲ.

ಸೆಪ್ಟೆಂಬರ್ 18, ಬುಧವಾರ

ನನ್ನ ಹೂಂ ಬಗ್ಗೆ ಯೋಚಿಸುತ್ತಿದ್ದೇನೆ. ಅಮ್ಮ ಹೇಳಿದ್ದು ತಪ್ಪಲ್ಲ.

ಯೋಚಿಸಲು ಬಿಡುವೇ ಇಲ್ಲ. ಚೂಟಿ ನಾಳೆ ಶಾಲೆಯಲ್ಲಿ ಏಳರ ಮಗ್ಗಿ ಒಪ್ಪಿಸಬೇಕು, ಒಂದು ಕಡೆ ಹೊಸ ಪೆನ್ಸಿಲ್ ಕಳೆದಿದೆ, ಇನ್ನೊಂದು ಕಡೆ ಅವಳ ತಲೆಗೆ ಹೇನು ಬಂದಿದೆ. ನನಗೂ ಬಂದಿರಬೇಕು. ಸಂಜೆ ಮೂವರೂ ಸಾಲಾಗಿ ಮೆಟ್ಟಿಲ ಮೇಲೆ ಕೂತೆವು. ಅಮ್ಮ ನನ್ನ ತಲೆ ಬಾಚುವುದು, ನಾನು ಚೂಟಿಯ ತಲೆ ಬಾಚುವುದು. ಚೂಟಿ ಮುಂದೆ ಯಾರೂ ಇಲ್ಲವೆಂದು ಬೊಂಬೆಯ ತಲೆ ಬಾಚಿದಳು. "ಏಳೇಳ್ಲಿ?" ಅಂದೆ. "ನಲವತ್ತೊಂಬತ್ತು ಹೇನು," ಅಂದಳು.

ಸೆಪ್ಟೆಂಬರ್ 23, ಸೋಮವಾರ

ಸಂಜೆ ನಾಲ್ಕೂವರೆ. ಅಮ್ಮ ಮಿಷಿನ್ನಿನಲ್ಲಿ, ಕಾಜಾ ಅತ್ತೆ ಗುಂಡಿಯ ಡಬ್ಬಿ ಮುಂದೆ, ನಾನು ಆಗ ತಾನೆ ಪ್ರೆಸ್ಸಿನಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ಬಚ್ಚಲಿನಿಂದ ಕೂಗು ಬಂತು:

"ಅಮ್ಮಾ! ಹಲ್ಲಿ!"

ಮಿಷಿನ್ ನಿಂತಿತು. ಅಮ್ಮ ಅಲ್ಲಾಡಲಿಲ್ಲ. ಮತ್ತೆ ಕೂಗು, ಇನ್ನೂ ಜೋರಾಗಿ: "ಅಮ್ಮಾ, ಬಾಲ ಕಿತ್ಕೊಂಡು ಬಂತು! ಬಾಲ ಒಂದೇ ಕುಣೀತಿದೆ!"

"ಏಳಿ ಅಕ್ಕ," ಅಂದಳು ಕಾಜಾ ಅತ್ತೆ. "ಆ ಹಲ್ಲಿಗೆ ಕೈಮುಗಿದು ಬನ್ನಿ. ಮೂರೂವರೆ ತಿಂಗಳು ನೀವು ಮುದ್ದು ಮಾಡಿ ಆಗದ್ದನ್ನ ಅದು ಒಂದು ಬಾಲದಲ್ಲಿ ಮಾಡ್ತು."

ಅಮ್ಮ ಹೋದಳು. ಬಹಳ ಹೊತ್ತು ಬರಲಿಲ್ಲ. ಒಳಗೆ ಇಬ್ಬರೂ ಆ ಬಾಲವನ್ನು ನೋಡುತ್ತಾ ಕೂತಿದ್ದರಂತೆ. ಅಮ್ಮನ ಕಣ್ಣು ಕೆಂಪಾಗಿತ್ತು. ಕೇಳಿದರೆ ಸೋಪು ಅಂದಳು.

ನಾನು ಹೊಟ್ಟೆಕಿಚ್ಚು ಬರುತ್ತದೇನೋ ಎಂದು ಕಾದೆ. ಬರಲಿಲ್ಲ. ಸ್ವಲ್ಪ ಹಸಿವಾಗಿತ್ತು, ಅಷ್ಟೇ.

ಅಕ್ಟೋಬರ್ 2, ಬುಧವಾರ

ನಾಡಿದ್ದು ಸಮಿತಿ. ಚೂಟಿ ಹಾಕಿಕೊಂಡು ಹೋಗಲು ಅಮ್ಮ ಹಳದಿ ಫ್ರಾಕು ಹೊಲಿದಳು. ಬಿಳಿ ಕಾಲರು, ಬೆನ್ನಿಗೆ ಐದು ಗುಂಡಿ. ಕೆಳಗಿನ ಅಂಚು ಮಡಚಿ ಹೆಮ್ಮಿಂಗ್ ಹೊಲಿಯಲು ಕಾಜಾ ಅತ್ತೆಯ ಕೈಗೆ ಬಂತು. ಅತ್ತೆ ತಿರುಗಿಸಿ ನೋಡಿದಳು, ಒಳಗೆ ಬೆರಳಾಡಿಸಿದಳು.

"ಅಕ್ಕ, ಇದೇನು? ಒಳಗೆ ಬಟ್ಟೇನೇ ಬಿಟ್ಟಿಲ್ವಲ್ಲ?"

ಈ ಬೀದಿಯ ಯಾವ ಮಗುವಿಗೂ ಅಮ್ಮ ಹಾಗೆ ಹೊಲಿದವಳಲ್ಲ. ಅಂಚಿನೊಳಗೆ ನಾಲ್ಕು ಬೆರಳು ಬಟ್ಟೆ ಮಡಚಿ ಬಿಡುತ್ತಾಳೆ. ಮಗು ಬೆಳೆದ ಹಾಗೆ ಹೊಲಿಗೆ ಬಿಚ್ಚಿ ಇಳಿಸಿಕೊಡುತ್ತಾಳೆ, ಎರಡು ವರ್ಷ ಬರುತ್ತದೆ.

"ಈಗಿನ ಅಳತೆಗೆ ಸರಿಯಾಗಿದೆ. ಹಾಗೇ ಹೊಲಿ," ಅಂದಳು ಅಮ್ಮ, ತಲೆಯೆತ್ತದೆ.

ಕಾಜಾ ಅತ್ತೆ ಸೂಜಿಗೆ ದಾರ ಪೋಣಿಸಲು ನಾಲ್ಕು ಸಲ ಪ್ರಯತ್ನಿಸಿದಳು. ಕೊನೆಗೆ ನಾನೇ ಪೋಣಿಸಿಕೊಟ್ಟೆ.

ಚೂಟಿ ಹಾಕಿಕೊಂಡು ಗಿರಗಿರ ಸುತ್ತಿದಳು. "ಅಮ್ಮಾ, ಮುಂದಿನ ವರ್ಷವೂ ಬರುತ್ತಾ ಇದು ನಂಗೆ?"

"ಆಗ ನೋಡೋಣ ಪುಟ್ಟ."

ಇಷ್ಟು ದಿನ ನನ್ನನ್ನು ಯಾರಾದರೂ ಕೇಳುತ್ತಾರೆ ಎಂದು ಕಾಯುತ್ತಿದ್ದೆನೋ ಏನೋ. ಅಮ್ಮ ಕೇಳಲಿಲ್ಲ. ಮೇಡಂ ಕೇಳಲಿಲ್ಲ. ಚೂಟಿಗೆ ಕೇಳಬೇಕೆಂದೇ ಗೊತ್ತಿಲ್ಲ. ಇನ್ನು ಕಾದರೆ ನಾಳೆ ಸಂಜೆಯಾಗುತ್ತದೆ.

ಹತ್ತು ಗಂಟೆಗೆ ಕಚೇರಿ ತೆರೆಯುತ್ತದೆ. ನಾಳೆ ಬರುವುದಿಲ್ಲ ಎಂದು ಯಜಮಾನರಿಗೆ ಹೇಳಿಯಾಯಿತು. ಗುರುತಿನ ಚೀಟಿ, ಎರಡು ಫೋಟೊ, ಸರಿಯಾಗಿ ಬರೆಯುವ ಪೆನ್ನು ಚೀಲದಲ್ಲಿಟ್ಟಿದ್ದೇನೆ. ಮೇಡಂಗೆ ಓದಲು ಈ ಪುಸ್ತಕವನ್ನೂ ಒಯ್ಯುತ್ತೇನೆ, ಈ ಸಲ ಗೊತ್ತಿದ್ದೇ. ಜೂನ್ ಇಪ್ಪತ್ತಮೂರರ ಪುಟವನ್ನು ಹರಿದುಹಾಕುವುದಿಲ್ಲ. ಅಮ್ಮನಿಗೆ ಈಗ ಹೇಳುವುದಿಲ್ಲ, ಹೇಳಿದರೆ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. ಸಹಿ ಹಾಕಿ ಬಂದ ಮೇಲೆ ಹೇಳುತ್ತೇನೆ.

ಬರುವ ದಾರಿಯಲ್ಲಿ ಬಟ್ಟೆ ಅಂಗಡಿಗೆ ಹೋಗಬೇಕು. ಅದೇ ಹಳದಿ, ಎರಡೂವರೆ ಮೀಟರ್, ಅಂಚಿನೊಳಗೆ ಮಡಚಿ ಬಿಡುವಂಥ ಇನ್ನೊಂದು ಫ್ರಾಕಿಗೆ. ಬೇಕಾದ್ದಕ್ಕಿಂತ ಹೆಚ್ಚು, ಗೊತ್ತು. ಅಂಗಡಿಯವನು ಒಂದು ಬೆರಳು ಕಡಿಮೆ ಅಳೆದರೂ ಬಿಡುವುದಿಲ್ಲ.